ಅಬ್ಬಾ ನುಣುಪು ಮಾಡಿದ ನೆಲ

ಚೊಳಚಗುಡ್ಡದ ಕಡೆಯ ಒಂದು ಶಾಲೆಯಲ್ಲಿ ನಾನು ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತೇನೆ. ನಮ್ಮ ಅಂಗಳ ಸಿಮೆಂಟಿನದು, ಒರಟು, ಅಲ್ಲಲ್ಲಿ ಬಿರುಕು ಬಿಟ್ಟಿದೆ. ಮಗುವನ್ನು ಸೇರಿಸಲು ಬರುವ ಪಾಲಕರು ಮೊದಲು ನೋಡುವುದು ಅದನ್ನೇ. "ಇಷ್ಟು ಒರಟ ಐತಲ್ರಿ ಮೇಡಂ. ಹುಡುಗ ಬಿದ್ರ ಮೊಣಕಾಲ ಕಿತ್ತು ಬರ್ತೈತಿ. ಇಳಕಲ್ಲಿಂದ ನಾಲ್ಕು ನುಣ್ಣನ ಕಲ್ಲು ತರಿಸಿ ಹಾಸಬಾರದೇನ್ರಿ?" ಎನ್ನುತ್ತಾರೆ. ನಾನು ಇಳಕಲ್‌ನವಳೇ ಎಂದು ಅವರಿಗೆ ಗೊತ್ತಿರುವುದಿಲ್ಲ. ಒಮ್ಮೊಮ್ಮೆ ನನಗೆ ಸಿಟ್ಟು ಬರುತ್ತದೆ. ಒರಟೇ ಇರಲಿ ಎಂದಷ್ಟೇ ಹೇಳಿ ಮಗುವಿನ ಕಾಲಿನ ಅಳತೆ ತೆಗೆದುಕೊಳ್ಳುತ್ತೇನೆ. ಕಾರಣ ಹೇಳಲು ಹೊರಟರೆ ನನ್ನ ತಂದೆ, ಅಬ್ಬಾನಿಂದ ಶುರು ಮಾಡಬೇಕು, ಅಷ್ಟು ಹೊತ್ತು ಯಾವ ಪಾಲಕರೂ ನಿಲ್ಲುವುದಿಲ್ಲ.

ಅಬ್ಬಾ ಇಳಕಲ್‌ನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಮಾಡುತ್ತಿದ್ದರು. ಹರೆಯದಲ್ಲಿ ಖಣಿಯಲ್ಲಿ ಕಲ್ಲು ಕೊರೆಯುವ ಕೆಲಸ ಮಾಡಿ ಎದೆಯಲ್ಲಿ ಧೂಳು ತುಂಬಿಕೊಂಡಿದ್ದರು. ದವಾಖಾನೆಯಲ್ಲಿ ಒಣ ಧೂಳಿನ ಹತ್ತಿರ ಸುಳಿಯಬೇಡ ಎಂದ ಮೇಲೆ ಪಾಲಿಶ್‌ಗೆ ಬಂದರು. ಪಾಲಿಶ್ ಎಂದರೆ ನೀರಿನ ಕೆಲಸ. ಧೂಳು ಏಳುವ ಮೊದಲೇ ಕೆಸರಾಗಿ ಹರಿದುಹೋಗುತ್ತದೆ. ಅಮ್ಮಿ ಮನೆಯಲ್ಲೇ ಕೂತು ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಮನೆಯಲ್ಲಿ ಎರಡು ಭಾಷೆ ಇದ್ದವು. ಅಬ್ಬಾ ಸಿಟ್ಟು ಬಂದಾಗ ಉರ್ದುವಿನಲ್ಲಿ ಬೈಯುತ್ತಿದ್ದರು, ಸಮಾಧಾನವಾದ ಮೇಲೆ ಕನ್ನಡಕ್ಕೆ ಬರುತ್ತಿದ್ದರು. ಹಾಗಾಗಿ ಅವರ ಕನ್ನಡ ಕಿವಿಗೆ ಬಿದ್ದರೆ ನಮಗೆ ಜೀವ ಬಂದಂತಾಗುತ್ತಿತ್ತು.

ಇಳಕಲ್‌ನಲ್ಲಿ ಚಹಾದಂಗಡಿಯ ಬೆಂಚೂ ಪಾಲಿಶ್ ಕಲ್ಲಿನದು, ದನದ ಕೊಟ್ಟಿಗೆಯ ಹೊಸ್ತಿಲೂ ಪಾಲಿಶ್ ಕಲ್ಲಿನದು. ಗೆರೆ ಬಿದ್ದ, ಮೂಲೆ ಮುರಿದ ಕಲ್ಲು ಸುಮ್ಮನೆ ಬಿದ್ದಿರುತ್ತವೆ. ಯಾರು ಬೇಕಾದರೂ ಒಯ್ಯಬಹುದು. ಅಬ್ಬಾನ ಕಾರ್ಖಾನೆಯಲ್ಲಿ ಕೆಲಸ ಮುಗಿಯಿತೋ ಇಲ್ಲವೋ ಎಂದು ನೋಡಲು ಒಂದು ರೀತಿ ಇತ್ತು. ಕಲ್ಲಿನ ಮೇಲೆ ಬಾಗಿ, ಮೇಲಿನ ಟ್ಯೂಬ್‌ಲೈಟಿನ ಬಿಂಬವನ್ನು ಅದರಲ್ಲಿ ನೋಡಬೇಕು. ಲೈಟು ಸೊಟ್ಟಗೆ ಕಂಡರೆ ಇನ್ನೂ ಉಜ್ಜು. ನೆಟ್ಟಗೆ ಕಂಡರೆ ಮುಗಿಯಿತು. ಒರಟು ಕಲ್ಲು ಎಂದರೆ ಅಬ್ಬಾನ ಲೆಕ್ಕದಲ್ಲಿ ಯಾರೋ ಅರ್ಧಕ್ಕೆ ಬಿಟ್ಟು ಎದ್ದುಹೋದ ಕೆಲಸ.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ನಮ್ಮ ಪಿ.ಟಿ. ಸರ್ ಬಾಗಲಕೋಟೆಯಿಂದ ರೋಲರ್ ಹಾಕಿಯ ಹುಚ್ಚು ಹತ್ತಿಸಿಕೊಂಡು ಬಂದರು. ಕಾಲಿಗೆ ಗಾಲಿ, ಕೈಯಲ್ಲಿ ಕೋಲು, ಸುತ್ತಲೂ ಹಲಗೆಯ ಗೋಡೆ, ಒಂದು ಸಣ್ಣ ಗಟ್ಟಿ ಚೆಂಡು. ಸರ್ ಖರೆ ಎಂದರೆ ಖೋಖೋ ಆಟದವರು; ಸ್ಕೇಟಿಂಗನ್ನು ಮೊಬೈಲಿನಲ್ಲಿ ನೋಡಿ, ಬಿದ್ದು ಎದ್ದು ಕಲಿತಿದ್ದರು. ಕಾರ್ಖಾನೆ ಮಾಲಕರ ಮಗಳೂ ಆಟಕ್ಕೆ ಸೇರಿದ್ದರಿಂದ ಅವರು ಒಂದು ಖಾಲಿ ಶೆಡ್ಡು ಬಿಟ್ಟುಕೊಟ್ಟರು. ಶೆಡ್ಡಿನಲ್ಲಿ ಮಣ್ಣಿನ ನೆಲ. "ನೆಲ ನಾ ಹಾಸ್ತೇನ್ರಿ," ಎಂದು ಅಬ್ಬಾ ತಾವಾಗಿ ಮುಂದೆ ಬಂದರು. ಮಗಳು ಆಡುವ ನೆಲವನ್ನು ಬೇರೆಯವರ ಕೈಗೆ ಕೊಡಲು ಅವರಿಗೆ ಮನಸ್ಸಿರಲಿಲ್ಲ.

ಗೆರೆ ಬಿದ್ದ ಕಲ್ಲುಗಳನ್ನೇ ಆರಿಸಿ ತಂದು ಹಾಸಿದರು. ಕೆಂಪು ಕಲ್ಲು, ನಡುನಡುವೆ ಕಪ್ಪು ಚುಕ್ಕಿ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಕಾರ್ಖಾನೆ ಬಿಟ್ಟ ಮೇಲೆ ದಿನಾ ಸಂಜೆ ಕೈಮಷೀನು ಹಿಡಿದು, ನೀರು ಬಿಟ್ಟುಕೊಂಡು, ಜೋಡಿಸಿದ ಸಂದುಗಳನ್ನೆಲ್ಲ ಉಜ್ಜಿ, ಆಮೇಲೆ ಇಡೀ ನೆಲವನ್ನು ಮತ್ತೊಮ್ಮೆ ಉಜ್ಜಿ ಹೊಳಪು ಬರಿಸಿದರು. ಮುಗಿದ ದಿನ ಕಾರ್ಖಾನೆಯ ಮಂದಿಯೆಲ್ಲ ನೋಡಲು ಬಂದಿದ್ದರು. ಟ್ಯೂಬ್‌ಲೈಟುಗಳು ನೆಲದೊಳಗೆ ಗೆರೆ ಕೊರೆದಂತೆ ನೆಟ್ಟಗೆ ಕಾಣುತ್ತಿದ್ದವು. ಸರ್ ಬಾಗಿಲಲ್ಲೇ ಬೂಟು ಬಿಚ್ಚಿಟ್ಟು ಒಳಗೆ ಬಂದರು. ಅಬ್ಬಾ ಒರೆಸುವ ಬಟ್ಟೆ ಹಿಂಡುತ್ತ ನಿಂತಿದ್ದರು. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ನನ್ನ ಮದುವೆಯಲ್ಲೂ ನೋಡಲಿಲ್ಲ.

ಆ ನೆಲದ ಮೇಲೆ ನಾವು ಬಿದ್ದಷ್ಟು ಯಾರೂ ಎಲ್ಲೂ ಬಿದ್ದಿರಲಿಕ್ಕಿಲ್ಲ. ತಿರುಗುವಾಗ ಮೈಯನ್ನು ಒಳಕ್ಕೆ ವಾಲಿಸಬೇಕು ಎಂದು ಸರ್ ಹೇಳುತ್ತಿದ್ದರು. ವಾಲಿಸಿದರೆ ಗಾಲಿ ಜಾರಿ, ಸೊಂಟ ನೆಲಕ್ಕೆ ಬಡಿಯುತ್ತಿತ್ತು. ನಾಲ್ಕು ಸಲ ಬಿದ್ದ ಮೇಲೆ ಯಾರೂ ವಾಲುವ ಗೋಜಿಗೆ ಹೋಗುವುದಿಲ್ಲ. ನೆಟ್ಟಗೆ ನಿಂತು, ಸಣ್ಣ ಸಣ್ಣ ಹೆಜ್ಜೆ ಇಟ್ಟು, ತಿರುಗಬೇಕಾದರೆ ನಿಂತು ತಿರುಗುವುದನ್ನು ಕಲಿತೆವು. ನಮ್ಮ ಕಾಲಿನಲ್ಲಿ ದೋಷ ಇದೆ ಎಂದುಕೊಂಡೆವು. ಸರ್ ತಮ್ಮ ಕಲಿಸುವುದರಲ್ಲಿ ದೋಷ ಇದೆ ಎಂದುಕೊಂಡರು. ನೆಲದ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ನುಣುಪು ಹೆಚ್ಚಾಯಿತು ಎಂಬ ಮಾತನ್ನು ನಮ್ಮೂರಲ್ಲಿ ಯಾರೂ ಆಡಿದ್ದಿಲ್ಲ.

ಮೊದಲ ಸಲ ಹೊರಗೆ ಆಡಿದ್ದು ಹುನಗುಂದದ ಒಂದು ಶಾಲೆಯ ಅಂಗಳದಲ್ಲಿ, ಬಾಗಲಕೋಟೆಯ ಹುಡುಗಿಯರ ಎದುರು. ಅವರು ಗಾಳಿಯ ಹಾಗೆ ನಮ್ಮ ಪಕ್ಕದಿಂದ ಹೋಗುತ್ತಿದ್ದರು, ನಾವು ನಿಂತು ತಿರುಗುವಷ್ಟರಲ್ಲಿ ಗೋಲು ಆಗಿರುತ್ತಿತ್ತು. ಅವರಲ್ಲಿ ಒಬ್ಬಳು ಎಲ್ಲರಿಗೂ ಕೇಳುವಂತೆ, "ಇಳಕಲ್ಲಿನವರು ಸೀರಿ ಉಟ್ಕೊಂಡು ಸ್ಕೇಟಿಂಗ್ ಮಾಡ್ತಾರಲೇ," ಎಂದಳು. ನಮ್ಮವರೇ ಕೆಲವರು ನಕ್ಕರು. ನನಗೆ ಮೈ ಉರಿಯಿತು.

ಕಾಲು ಬರದಿದ್ದರೆ ಹೋಗಲಿ, ಬೇರೆ ಏನಾದರೂ ಬರಬೇಕಲ್ಲ. ಆ ಸಿಟ್ಟಿನಲ್ಲೇ ನಾನು ಆಟವನ್ನು ಮತ್ತೆ ಕಲಿತೆ. ಚೆಂಡು ನೋಡುವುದನ್ನು ಬಿಟ್ಟು ಎದುರಿನವಳ ಸೊಂಟ ನೋಡತೊಡಗಿದೆ. ಕಣ್ಣು ಮೋಸ ಮಾಡುತ್ತದೆ, ಭುಜ ಮೋಸ ಮಾಡುತ್ತದೆ. ಸೊಂಟ ಮಾತ್ರ ಅವಳು ಹೋಗುವ ಕಡೆಗೇ ತಿರುಗುತ್ತದೆ. ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿಗೆ ಮೊದಲೇ ಹೋಗಿ ನಿಂತಿದ್ದರೆ ಓಡುವ ಪ್ರಶ್ನೆಯೇ ಇಲ್ಲ. ಬಂದ ಚೆಂಡನ್ನು ಇಟ್ಟುಕೊಂಡರೆ ತಾನೇ ಯಾರಾದರೂ ಬಂದು ಕಸಿಯುವುದು? ಬಂದ ಕೂಡಲೇ ಕೊಟ್ಟುಬಿಡುತ್ತಿದ್ದೆ, ಕೊಡಲು ಯಾರೂ ಇಲ್ಲದಿದ್ದರೆ ಹಲಗೆಗೆ ಬಡಿದು ಅವರ ಬೆನ್ನ ಹಿಂದಿನಿಂದ ನನ್ನವರಿಗೆ ಮುಟ್ಟಿಸುತ್ತಿದ್ದೆ. ಉಳಿದದ್ದನ್ನು ಬಾಯಿ ನೋಡಿಕೊಳ್ಳುತ್ತಿತ್ತು. ನೀ ಅಲ್ಲಿ ಹೋಗು, ನೀ ಆಕೆಯನ್ನು ಹಿಡಿ ಎಂದು ಕಿರುಚಿ ಕಿರುಚಿ ನಾನು ಓಡಬೇಕಾದ್ದನ್ನು ಬೇರೆಯವರ ಕೈಲಿ ಓಡಿಸುತ್ತಿದ್ದೆ. ಗಾಲಿ ಕಾಲಿಗಲ್ಲ, ನಾಲಿಗೆಗೆ ಹಾಕಿದ್ದಾರೆ ಎಂದು ಅಮ್ಮಿ ಚೇಷ್ಟೆ ಮಾಡುತ್ತಿದ್ದಳು.

ಇದನ್ನೆಲ್ಲ ಮೊದಲು ಕಂಡುಹಿಡಿದದ್ದು ಸರ್ ಅಲ್ಲ, ಅಬ್ಬಾ. ದಿನಾ ಸಂಜೆ ಶೆಡ್ಡಿನ ಮೂಲೆಯಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತಿರುತ್ತಿದ್ದರು. ಒಂದು ದಿನ ಮನೆಗೆ ನಡೆಯುವಾಗ, "ನೀ ಓಡೋದಿಲ್ಲ. ಚೆಂಡೇ ನಿನ್ನ ಕಡೆ ಬರೋ ಹಂಗ ಮಾಡ್ತಿ," ಎಂದರು. ಬೈಗುಳವೋ ಹೊಗಳಿಕೆಯೋ ತಿಳಿಯದೆ ನಾನು ಅವರ ಮುಖ ನೋಡಿದೆ. "ಚಲೋ ಐತಿ," ಎಂದು ಸೇರಿಸಿದರು. ಎರಡು ವರ್ಷದಲ್ಲಿ ನಮ್ಮ ತಂಡ ಬಾಗಲಕೋಟೆಯವರ ಜೊತೆ ಸರಿಸಮ ಆಡತೊಡಗಿತು. ಸೀರೆಯ ಮಾತು ನಿಂತಿತು.

ಆಗ ರಾಜ್ಯ ತಂಡಕ್ಕೆ ಹುಡುಗಿಯರನ್ನು ಆರಿಸಲು ಬಾಗಲಕೋಟೆಯಲ್ಲಿ ಕರೆದರು. ನನಗೆ ಬೇಕಿದ್ದದ್ದು ಅದೊಂದೇ. ಬೇರೆ ಯಾವುದರಲ್ಲೂ ನಾನು ಮುಂದಿರಲಿಲ್ಲ, ಇರುವ ಆಸೆಯೂ ಇರಲಿಲ್ಲ. ಅಬ್ಬಾ ರಜೆ ಹಾಕಿ ಜೊತೆಗೆ ಬಂದರು. ಬೆಳಗಿನ ಮೊದಲ ಬಸ್ಸಿಗೇ ಹೊರಟೆವು. ಅಲ್ಲಿ ಮುಟ್ಟಿದಾಗ ಮೈದಾನದ ಗೇಟೇ ತೆರೆದಿರಲಿಲ್ಲ. "ಲಗೂನ ಬಂದ್ರ ಚಿಂತಿ ಇರೂದಿಲ್ಲ," ಎಂದರು. ಗೇಟು ತೆರೆದ ಮೇಲೆ ಗ್ಯಾಲರಿಯ ಮೆಟ್ಟಿಲು ಹತ್ತಬೇಕಿತ್ತು. ಸ್ವಲ್ಪ ಹತ್ತಿ ಅಬ್ಬಾ ನಿಂತರು, ಗೋಡೆಯ ಮೇಲಿನ ಬೋರ್ಡು ಓದಿದರು. ಮತ್ತೆ ಸ್ವಲ್ಪ ಹತ್ತಿ ಯಾರನ್ನೋ ಟೈಮು ಕೇಳಿದರು. ಅಬ್ಬಾನ ಕೈಯಲ್ಲೇ ವಾಚಿತ್ತು. ಆಮೇಲೆ ನನ್ನ ಬ್ಯಾಗಿನ ಚೈನು ನೋಡುವ ನೆಪ ಮಾಡಿದರು. ಬೇಗ ಬಂದು ನಿಲ್ಲುವುದು, ಓಡುವ ಪ್ರಸಂಗವೇ ಬರದ ಹಾಗೆ ನೋಡಿಕೊಳ್ಳುವುದು, ಆಗದ್ದನ್ನು ಬೇರೆ ಏನೋ ಮಾಡುತ್ತಿರುವ ಹಾಗೆ ತೋರಿಸುವುದು, ಇದೆಲ್ಲ ನನ್ನ ಆಟ. ನಾನು ಗಾಲಿಯ ಮೇಲೆ ಮಾಡುತ್ತಿದ್ದುದನ್ನು ಅಬ್ಬಾ ಮೆಟ್ಟಿಲ ಮೇಲೆ ಮಾಡುತ್ತಿದ್ದರು. ದಮ್ಮಿನ ಕಾಟ ಕಡಿಮೆಯಾಗಿದೆ ಎಂದು ಅವರು ಮನೆಯಲ್ಲಿ ಹೇಳುತ್ತಿದ್ದುದು ಸುಳ್ಳು ಎಂದು ನನಗೆ ಆಗ ತಿಳಿಯಿತು. ನಾನು ನೋಡಿದ್ದು ಅವರಿಗೂ ತಿಳಿಯಿತು.

ಆರಿಸುವ ಮೇಡಂ ಮೊದಲು ಚೆಂಡೇ ಕೊಡಲಿಲ್ಲ. ಬರೀ ಸುತ್ತು ಹಾಕಿಸಿದರು, ವಾಲಿ ತಿರುಗಿರಿ, ಕಾಲ ಮೇಲೆ ಕಾಲು ದಾಟಿಸಿರಿ ಎಂದರು. ಚೆಂಡಿಲ್ಲದಿದ್ದರೆ ನನ್ನ ಸೊಂಟ ನೋಡುವ ವಿದ್ಯೆಗೂ ಕೆಲಸವಿಲ್ಲ, ಬಾಯಿಗೂ ಕೆಲಸವಿಲ್ಲ. ಎಲ್ಲರ ಹಿಂದೆ ಉಳಿದೆ. ಚೆಂಡು ಕೊಟ್ಟ ಮೇಲೆ ಚೆನ್ನಾಗಿಯೇ ಆಡಿದೆ. ಕೊನೆಗೆ ಮೇಡಂ ಅಬ್ಬಾನನ್ನು ಕರೆದರು. "ತಲಿ ಭಾಳ ಚುರುಕ ಐತ್ರಿ ಹುಡುಗಿದು. ಕೈನೂ ಚಲೋ ಅದಾವು. ಆದ್ರ ಕಾಲಿಲ್ಲ. ಎಂಥಾ ನೆಲದ ಮ್ಯಾಲ ಕಲಿಸೀರಿ?" ಎಂದು ಕೇಳಿದರು.

ಅಬ್ಬಾ ಅದೇ ಪ್ರಶ್ನೆಗೆ ಕಾದಿದ್ದವರಂತೆ ಕಿಸೆಯಿಂದ ಮೊಬೈಲು ತೆಗೆದರು. ಶೆಡ್ಡಿನ ಫೋಟೋ ಹುಡುಕಿ, ಬೆರಳಿನಿಂದ ದೊಡ್ಡದು ಮಾಡಿ ತೋರಿಸಿದರು. "ಟ್ಯೂಬ್‌ಲೈಟ್ ನೋಡ್ರಿ, ಎಷ್ಟು ನೆಟ್ಟಗ ಬಂದಾವು. ಎಲ್ಲಾ ನಾನ ಮಾಡಿದ್ದು," ಎಂದರು.

ಮೇಡಂ ಬಹಳ ಹೊತ್ತು ಫೋಟೋ ನೋಡಿದರು. ಅವರು ಒಳ್ಳೆಯವರೇ, ಮೆಲ್ಲಗೆ ಹೇಳಿದರು. "ಇದು ನೋಡೋ ನೆಲ ಆತ್ರಿ, ಆಡೋ ನೆಲ ಅಲ್ಲ. ಗಾಲಿಗೆ ಹಿಡತ ಬೇಕು. ಇದರ ಮ್ಯಾಲ ವಾಲಿದ್ರ ಬೀಳ್ತಾರ. ಅದಕ್ಕ ಆಕಿ ವಾಲೋದನ್ನ ಕಲತೇ ಇಲ್ಲ." ಮುಂದಿನ ವರ್ಷ ಮತ್ತೆ ಕರೆದುಕೊಂಡು ಬನ್ನಿ, ಆಕೆಯ ವಯಸ್ಸಿಗೆ ಅದೇ ಕೊನೆಯ ಅವಕಾಶ ಎಂದೂ ಹೇಳಿದರು. ಅಬ್ಬಾ ಮೊಬೈಲನ್ನು ಕಿಸೆಗೆ ಹಾಕಿಕೊಂಡರು. ನಾನು ತಂಡಕ್ಕೆ ಆರಿಸಿ ಬರಲಿಲ್ಲ ಎಂಬ ದುಃಖ ನನಗೆ ಆಮೇಲೆ ಬಂತು. ಆ ಕ್ಷಣದಲ್ಲಿ ಆ ಮೇಡಂನ ಬಾಯಿ ಮುಚ್ಚಿಸಬೇಕು ಎಂದಷ್ಟೇ ಅನಿಸಿತ್ತು.

ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಅಬ್ಬಾ ಇಳಿದು ಎಂದಿನಂತೆ ಕರದಂಟು ತಂದು ನನ್ನ ತೊಡೆಯ ಮೇಲೆ ಇಟ್ಟರು. ಇಬ್ಬರೂ ತಿನ್ನಲಿಲ್ಲ.

ಮರುದಿನ ಸಂಜೆ ಶೆಡ್ಡಿನಿಂದ ಠಣ್ ಠಣ್ ಎಂದು ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಅಬ್ಬಾ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಉಳಿ ಸುತ್ತಿಗೆ ಹಿಡಿದು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಸವೆದ ಬೀಸುಕಲ್ಲನ್ನು ಕುಟ್ಟಿ ಒರಟು ಮಾಡುತ್ತಾರಲ್ಲ, ಹಾಗೆ ತಾವೇ ಹೊಳಪು ಬರಿಸಿದ ನೆಲವನ್ನು ಚುಕ್ಕಿ ಚುಕ್ಕಿಯಾಗಿ ಕುಟ್ಟುತ್ತಿದ್ದರು. ಮಷೀನು ಹಚ್ಚಿದರೆ ಜೋಡಿಸಿದ ಕಲ್ಲು ಸಡಿಲಾಗುತ್ತವೆ, ನೀರು ಹಾಕಿದರೆ ಉಳಿ ಜಾರುತ್ತದೆ ಎಂದರು. ಒಣ ಕಲ್ಲನ್ನೇ ಕುಟ್ಟಬೇಕಿತ್ತು. ಬೆಳ್ಳಗಿನ ಧೂಳು ಅವರ ಹುಬ್ಬಿನ ಮೇಲೆ, ಗಡ್ಡದಲ್ಲಿ ಕೂತಿತ್ತು. ಜೊತೆಯ ಪಾಲಿಶ್ ಕೆಲಸಗಾರರು ಬಾಗಿಲವರೆಗೆ ಬಂದು, ನೋಡಲಾರದೆ ತಿರುಗಿ ಹೋದರು. ಒಬ್ಬರು ಮಾತ್ರ, "ಏನ್ರಿ ಭಾಯ್, ಕೈಯಾರೆ ಮಾಡಿದ್ದನ್ನ ಕೈಯಾರೆ ಹಾಳ ಮಾಡಾಕತ್ತೀರಲ್ರಿ," ಎಂದರು. ಅಬ್ಬಾ ಕುಟ್ಟುತ್ತಲೇ ಇದ್ದರು.

ಅಮ್ಮಿ ಅತ್ತಳು, ಜಗಳ ಮಾಡಿದಳು, ದವಾಖಾನೆಯಲ್ಲಿ ಹೇಳಿದ್ದನ್ನು ನೆನಪಿಸಿದಳು. "ಇನ್ನ ಒಂದು ವರ್ಷ ಐತಿ," ಎಂಬುದೊಂದೇ ಅವರ ಉತ್ತರ. ಕೆಮ್ಮು ಹೆಚ್ಚಾಯಿತು. ಕೆಮ್ಮು ಬಂದಾಗ ಉಳಿ ಕೆಳಗಿಟ್ಟು, ಕುಟ್ಟಿದ ಜಾಗವನ್ನು ಅಂಗೈಯಿಂದ ಸವರಿ ನೋಡುವವರ ಹಾಗೆ ಮಾಡುತ್ತಿದ್ದರು. ನನಗೆ ಅದೂ ಗೊತ್ತಾಗುತ್ತಿತ್ತು.

ಒಂದು ವಿಷಯ ಹೇಳದೆ ಹೋದರೆ ಸುಳ್ಳು ಬರೆದಂತಾಗುತ್ತದೆ. ಕುಟ್ಟಿದ ಭಾಗದ ಮೇಲೆ ನಾನು ಸ್ಕೇಟ್ ಕಟ್ಟಿ ಇಳಿದಾಗ ಗಾಲಿ ಹಿಡಿಯಿತು. ಹೆದರುತ್ತ ವಾಲಿದೆ, ಬೀಳಲಿಲ್ಲ. ಇನ್ನೂ ವಾಲಿದೆ. ಅಷ್ಟು ವರ್ಷ ಆಡಿದವಳಿಗೆ ತಿರುಗುವುದು ಎಂದರೆ ಏನು ಎಂದು ಅವತ್ತು ಗೊತ್ತಾಯಿತು. ಖುಷಿ ತಡೆಯದೆ ನಕ್ಕುಬಿಟ್ಟೆ. ಅಬ್ಬಾ ನೋಡುತ್ತಿದ್ದರು. ಮರುದಿನದಿಂದ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲೂ ಕುಟ್ಟತೊಡಗಿದರು. ನನ್ನ ನಗು ಅವರ ಕೈಗೆ ಸುತ್ತಿಗೆ ಕೊಡುತ್ತಿದೆ ಎಂದು ಗೊತ್ತಾದ ಮೇಲೆ ಆ ನೆಲದ ಮೇಲೆ ನನಗೆ ನಗಲು ಆಗಲಿಲ್ಲ.

ಅರ್ಧ ನೆಲ ಮುಗಿದಿತ್ತು. ರಜೆಯ ದಿನ ಒಂದು ಮಧ್ಯಾಹ್ನ ಅವರು ಕೆಮ್ಮಿ ಕೆಮ್ಮಿ ಗೋಡೆಗೆ ಒರಗಿ ಕೂತಿದ್ದರು. ನಾನು ಎದುರಿಗೆ ಕೂತು, "ಅಬ್ಬಾ, ಸಾಕ್ರಿ ಇನ್ನ. ಸರ್ ನನ್ನ ಗೋಲಿಗೆ ನಿಲ್ಲಸ್ಯಾರ," ಎಂದೆ.

"ಗೋಲಿಗಾ?"

"ಹೂನ್ರಿ. ಗೋಲಿನ್ಯಾಗ ನಿಂತವರು ಸುತ್ತು ಹೊಡಿಯೂದಿಲ್ಲ. ಆ ಕಡೆ ಈ ಕಡೆ ಜಾರಿದ್ರ ಸಾಕು. ನುಣ್ಣನ ನೆಲನ ಬೇಕು ನನಗ. ಉಳದದ್ದನ್ನ ಹಂಗ ಬಿಡ್ರಿ."

ಎಲ್ಲ ಸುಳ್ಳು. ಗೋಲು ಕಾಯುವವಳಿಗೇ ಎಲ್ಲರಿಗಿಂತ ಹೆಚ್ಚು ಹಿಡಿತ ಬೇಕು. ಕೂತಲ್ಲಿಂದ ಥಟ್ಟನೆ ಏಳಬೇಕು, ಗಾಲಿ ಜಾರಿದರೆ ಮುಗಿಯಿತು. ಕಾಲು ಬಾರದವರನ್ನು ಗೋಲಿಗೆ ನಿಲ್ಲಿಸುವ ರೂಢಿ ನಮ್ಮಲ್ಲಿತ್ತು, ಸತ್ತರೂ ಅಲ್ಲಿ ನಿಲ್ಲುವುದಿಲ್ಲ ಎಂದು ನಾನು ಹಟ ಹಿಡಿದವಳು. ಅಬ್ಬಾ ನನ್ನನ್ನೇ ನೋಡಿದರು. "ಖರೆ?" ಎಂದರು. "ಖರೇನ್ರಿ," ಎಂದೆ. ಅವರು ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ ಉಳಿಯನ್ನು ಒರೆಸಿ ಚೀಲಕ್ಕೆ ಹಾಕಿದರು. ಮತ್ತೆ ತೆಗೆಯಲಿಲ್ಲ.

ನಾನು ಸರ್ ಹತ್ತಿರ ಹೋಗಿ ಗೋಲಿಗೆ ನಿಲ್ಲಿಸಿ ಎಂದು ಕೇಳಿಕೊಂಡೆ. ಅವರು ಅಚ್ಚರಿಯಿಂದಲೇ ಒಪ್ಪಿದರು. ಮುಂದಿನ ವರ್ಷ ಬಾಗಲಕೋಟೆಗೆ ಸರ್ ಜೊತೆ ಹೋದೆ. ಅಬ್ಬಾನಿಗೆ ಅಷ್ಟು ದೂರ ಬಸ್ಸಿನಲ್ಲಿ ಕೂರಲು ಆಗುತ್ತಿರಲಿಲ್ಲ. ಚಿಕ್ಕಂದಿನಿಂದ ಗೋಲಿನಲ್ಲೇ ನಿಂತು ಬೆಳೆದ ಹುಡುಗಿಯರು ಅಲ್ಲಿದ್ದರು. ನನ್ನನ್ನು ಆರಿಸಲಿಲ್ಲ, ಆರಿಸುವ ಹಾಗೂ ಇರಲಿಲ್ಲ. ಮನೆಗೆ ಬಂದು ಹೇಳಿದಾಗ ಅಬ್ಬಾ, "ಉಣ್ಣು ಮೊದಲ," ಎಂದರು. ನಾನು ತಟ್ಟೆಯ ಮುಂದೆ ಕೂತು ಅತ್ತೆ. ಅವರು ನೋಡಿಯೂ ನೋಡದವರ ಹಾಗೆ ಪಕ್ಕದಲ್ಲೇ ಕೂತಿದ್ದರು.

ಇನ್ನೂ ಕೆಲವು ವರ್ಷ ಇದ್ದರು. ನನ್ನ ಮದುವೆ ನೋಡಿದರು, ಈ ಕೆಲಸ ಸಿಕ್ಕಿದ್ದನ್ನೂ ನೋಡಿದರು. ಕೊನೆಗೆ ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದರು. ಉದ್ದ ಮಾತು ಆಗುತ್ತಿರಲಿಲ್ಲ. ಒಂದು ತುಂಡು ಹೇಳಿ, ಉಸಿರು ತೆಗೆದುಕೊಂಡು, ಇನ್ನೊಂದು ತುಂಡು. ಒಂದು ದಿನ ಅಮ್ಮಿ ಚಹಾ ತರಲು ಹೋದಾಗ, "ಗೋಲಿಗೆ ಹಿಡತ ಬೇಕು. ನನಗ ಗೊತ್ತಿತ್ತು," ಎಂದರು.

"ಮತ್ಯಾಕ ಬಿಟ್ರಿ?" ಎಂದೆ.

"ನನ್ನ ಕಡಿಂದ ಆಗ್ತಿರಲಿಲ್ಲ." ಉಸಿರು ತೆಗೆದುಕೊಂಡು, "ಹೆಂಗ ಹೇಳಲಿ ಅಂತ ಕೂತಿದ್ದೆ. ನೀ ಚೆಂಡು ಕೊಟ್ಟಿ. ನಾ ತಗೊಂಡೆ," ಎಂದರು. ಕನ್ನಡದಲ್ಲೇ ಹೇಳಿದರು.

ಅವರು ಅಲ್ಲೇ ತೀರಿಕೊಂಡರು, ಇಳಕಲ್‌ಗೆ ತಂದೆವು. ಅರ್ಧ ಒರಟು, ಅರ್ಧ ನುಣುಪಿನ ಆ ಶೆಡ್ಡು ಈಗ ಕಲ್ಲಿನ ಗೋದಾಮು. ಆಟ ನಿಂತು ಬಹಳ ದಿನವಾಗಿದೆ. ಮಣ್ಣಾದ ಕೆಲವು ದಿನಕ್ಕೆ ಅವರ ಜೊತೆಯ ಕೆಲಸಗಾರರು ಮನೆಗೆ ಬಂದರು. ಗೋರಿಯ ತಲೆಗೆ ನಿಲ್ಲಿಸಲು ಒಂದು ಕಲ್ಲು ಆರಿಸಿಟ್ಟಿದ್ದರಂತೆ. ಅಂದು ಬಾಗಿಲಲ್ಲಿ ನಿಂತು ಭಾಯ್ ಎಂದು ಕರೆದಿದ್ದವರೇ ಸಂಕೋಚದಿಂದ ಕೇಳಿದರು: "ಏನ್ ಮಾಡೂಣವಾ? ಕುಟ್ಟಿದ ಕಲ್ಲು ಮಾಡಸೂಣೋ, ಪಾಲಿಶ್ ಹಚ್ಚೂಣೋ?" ನುಣುಪು ಎಂದರೆ ಈ ಮನೆಯಲ್ಲಿ ನೋವಾಗಬಹುದು ಎಂದು ಅವರಿಗೆ ಅನಿಸಿತ್ತು. ಅಮ್ಮಿ ನನ್ನ ಕಡೆ ನೋಡಿದಳು.

"ಪಾಲಿಶ್ ಮಾಡ್ರಿ ಕಾಕಾ," ಎಂದೆ. "ಅದರ ಮ್ಯಾಲ ಯಾರೂ ಆಡೂದಿಲ್ಲಲ್ರಿ."

ನಮ್ಮಲ್ಲಿ ಹೆಂಗಸರು ಕಬರಸ್ತಾನಕ್ಕೆ ಹೋಗುವ ರೂಢಿಯಿಲ್ಲ. ಆ ಕಲ್ಲನ್ನು ನಾನು ಕಣ್ಣಾರೆ ನೋಡಿಲ್ಲ. ನಿಲ್ಲಿಸಿದ ದಿನ ಕಾಕಾ ನೇರ ಮನೆಗೆ ಬಂದು, ಕಿಸೆಯಿಂದ ಮೊಬೈಲು ತೆಗೆದು, ಬೆರಳಿನಿಂದ ಫೋಟೋ ದೊಡ್ಡದು ಮಾಡಿ ನನ್ನ ಮುಂದೆ ಹಿಡಿದರು. ಕೆಂಪು ಕಲ್ಲಿನೊಳಗೆ ಎದುರಿನ ಕರೆಂಟ್ ಕಂಬದ ತಂತಿಗಳು ಒಂದೂ ಸೊಟ್ಟಾಗದೆ ಕಾಣುತ್ತಿದ್ದವು. "ನೆಟ್ಟಗ ಬಂದಾವು ನೋಡವಾ," ಎಂದರು. ನಾನು ಬಹಳ ಹೊತ್ತು ನೋಡಿ, ಚಲೋ ಆಗೇತ್ರಿ ಎಂದೆ.